ಹೊಗಳಿಕೆಗೂ ಒಂದು ಜಾತಿ: ಎತೆಲ್ ವಾಟರ್ಸ್ ಅಭಿನಯ ಮತ್ತು ವಿಮರ್ಶೆಯ ಮಾತು

ದಲಿತ ವಿಮರ್ಶೆ ಇದುವರೆಗೆ ಹೆಚ್ಚಾಗಿ ಗುದ್ದಾಡಿರುವುದು ನಿಂದನೆಯ ಜೊತೆ. ನಮ್ಮ ಕವಿತೆಯನ್ನು ಘೋಷಣೆ ಅಂದರು, ನಮ್ಮ ಮಾತನ್ನು ಒರಟು ಅಂದರು, ನಮ್ಮ ಕತೆಯಲ್ಲಿ ಕಲೆ ಕಡಿಮೆ ಅಂದರು. ಇದಕ್ಕೆಲ್ಲ ಉತ್ತರ ಬಂದಿದೆ, ಬರುತ್ತಲೂ ಇದೆ. ಆದರೆ ಹೊಗಳಿಕೆ ಅನ್ನೋದು ಒಂದಿದೆಯಲ್ಲ, ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ ಬರಹಗಳು ಕಡಿಮೆ. ನಿಂದನೆ ನಮ್ಮನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಹೊಗಳಿಕೆ ಒಳಗೆ ಕರೆದು ಕೂರಿಸುತ್ತದೆ. ಎಲ್ಲಿ ಕೂರಿಸುತ್ತದೆ, ಯಾವ ಚಾಪೆಯ ಮೇಲೆ ಕೂರಿಸುತ್ತದೆ, ಎದ್ದು ಬೇರೆ ಕಡೆ ಕೂತರೆ ಏನಾಗುತ್ತದೆ ಎಂಬುದನ್ನು ಕೇಳದಿದ್ದರೆ ವಿಮರ್ಶೆಯ ಕೆಲಸ ಅರ್ಧಕ್ಕೇ ನಿಂತಂತೆ.

ಇದನ್ನು ವಿವರಿಸಲಿಕ್ಕೆ ನಾನು ಬೇಕೆಂದೇ ದೂರದ ಒಂದು ಉದಾಹರಣೆ ತೆಗೆದುಕೊಂಡಿದ್ದೇನೆ. ಅಮೆರಿಕದ ಕಪ್ಪು ನಟಿ, ಹಾಡುಗಾರ್ತಿ ಎತೆಲ್ ವಾಟರ್ಸ್. ಸಂಗೀತ ನಾಟಕ ಮತ್ತು ಗದ್ಯನಾಟಕ ಎರಡರಲ್ಲೂ ಬ್ರಾಡ್‌ವೇ ಎಂಬ ನ್ಯೂಯಾರ್ಕಿನ ದೊಡ್ಡ ರಂಗಭೂಮಿ ಆಕೆಯನ್ನು ಹೊಗಳಿತು. ಈ ಹೊಗಳಿಕೆಯ ಚರಿತ್ರೆಯನ್ನು ಬಿಡಿಸುತ್ತಾ ಹೋದರೆ ನಮ್ಮ ಮನೆಯ ಮಾತೂ ಅದರಲ್ಲಿ ಕೇಳಿಸುತ್ತದೆ. ಕರಿಯರ ಹೋರಾಟಕ್ಕೂ ನಮ್ಮ ಹೋರಾಟಕ್ಕೂ ಇರುವ ನಂಟು ಹೊಸದಲ್ಲ. 1913ರಿಂದ 1916ರವರೆಗೆ ಬಾಬಾಸಾಹೇಬರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಕರಿಯರ ಹಾರ್ಲೆಮ್‌ಗೆ ತಾಗಿಕೊಂಡೇ ಇದೆ. ಕರಿಯರ ಸಂಘಟನೆ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ವಿಚಾರ ತಿಳಿದು ಬಾಬಾಸಾಹೇಬರು 1946ರಲ್ಲಿ ಕಪ್ಪು ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದರು. 1972ರಲ್ಲಿ ಮುಂಬಯಿಯ ದಲಿತ ಯುವಕರು ತಮ್ಮ ಸಂಘಟನೆಗೆ ಪ್ಯಾಂಥರ್ಸ್ ಅಂತ ಹೆಸರಿಟ್ಟರು. ಆದ್ದರಿಂದ ಇದು ಪರದೇಶದ ವಿದ್ವತ್ತನ್ನು ಪ್ರದರ್ಶಿಸುವ ಲೇಖನವಲ್ಲ. ನೆಂಟರ ಮನೆಯಲ್ಲಿ ಏನಾಯಿತು ಅಂತ ವಿಚಾರಿಸುವುದು, ಅಷ್ಟೆ.

ಆಕೆ ಬಂದ ದಾರಿ

ಎತೆಲ್ ವಾಟರ್ಸ್ ಹುಟ್ಟಿದ್ದು 1896ರಲ್ಲಿ, ಪೆನ್ಸಿಲ್ವೇನಿಯಾದ ಚೆಸ್ಟರ್ ಎಂಬ ಊರಿನಲ್ಲಿ. ತಾಯಿ ಇನ್ನೂ ಹದಿಮೂರರ ಆಸುಪಾಸಿನ ಹುಡುಗಿ; ಆ ಹುಡುಗಿಯ ಮೇಲೆ ನಡೆದ ಅತ್ಯಾಚಾರದಿಂದ ಹುಟ್ಟಿದ ಮಗು ಈಕೆ. ಸಾಕಿದ್ದು ಅಜ್ಜಿ. ಅಜ್ಜಿ ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದವಳು. ಮೊಮ್ಮಗಳೂ ಫಿಲಡೆಲ್ಫಿಯಾದ ಹೋಟೆಲಿನಲ್ಲಿ ಕೋಣೆ ಗುಡಿಸಿ, ಹಾಸಿಗೆ ಬಟ್ಟೆ ಬದಲಿಸುವ ಕೆಲಸ ಮಾಡಿದಳು. ಇದನ್ನೆಲ್ಲ ಆಕೆ 1951ರಲ್ಲಿ ಬಂದ ತನ್ನ ಆತ್ಮಕತೆಯಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ್ದಾಳೆ. ನಮ್ಮಲ್ಲಿ ಆತ್ಮಕತೆ ಬರೆದ ದಲಿತ ಲೇಖಕರ ಹಾಗೆಯೇ ಈಕೆಗೂ ಬದುಕನ್ನು ಅಲಂಕರಿಸುವ ಹಂಗು ಇರಲಿಲ್ಲ.

1917ರ ಹೊತ್ತಿಗೆ ಆಕೆ ವೇದಿಕೆಗೆ ಬಂದಳು. ಅದು ಬ್ರಾಡ್‌ವೇಯ ವೇದಿಕೆಯಲ್ಲ. ಕರಿಯರೇ ಹಾಡಿ ಕರಿಯರೇ ನೋಡುವ, ಊರಿಂದ ಊರಿಗೆ ತಿರುಗುವ ಕಂಪನಿ ಆಟಗಳ ವೇದಿಕೆ. ಕಡಿಮೆ ಸಂಬಳ, ಮುರುಕು ಗ್ರೀನ್‌ರೂಮು, ದಕ್ಷಿಣದ ಊರುಗಳಲ್ಲಿ ಉಳಿದುಕೊಳ್ಳಲಿಕ್ಕೆ ಹೋಟೆಲು ಸಿಗದ ಪಾಡು. ನಮ್ಮ ವೃತ್ತಿ ನಾಟಕ ಕಂಪನಿಗಳ ಕಲಾವಿದರ ಕಷ್ಟ ಬಲ್ಲವರಿಗೆ ಇದರಲ್ಲಿ ಅರ್ಧ ಅರ್ಥವಾಗುತ್ತದೆ. ಉಳಿದ ಅರ್ಧ ಅರ್ಥವಾಗಬೇಕಾದರೆ ಕೇರಿಯವರಾಗಿರಬೇಕು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಆಕೆ ಈ ತಿರುಗಾಟದಲ್ಲಿ ಏನು ಕಲಿತಳು ಎಂಬುದು. ಬೆಸ್ಸಿ ಸ್ಮಿತ್‌ಳಂತಹ ದೊಡ್ಡ ಬ್ಲೂಸ್ ಹಾಡುಗಾರ್ತಿಯರು ಗಂಟಲಿನ ಕಸುವಿನಿಂದ ಸಭಾಂಗಣವನ್ನು ತುಂಬುತ್ತಿದ್ದರು. ಎತೆಲ್ ಬೇರೆ ದಾರಿ ಹಿಡಿದಳು. ಪ್ರತಿ ಅಕ್ಷರವೂ ಕೊನೆಯ ಸಾಲಿನವನ ಕಿವಿಗೆ ಬಿಡಿಬಿಡಿಯಾಗಿ ಮುಟ್ಟುವ ಹಾಗೆ ಉಚ್ಚರಿಸುವುದು, ಸ್ವರವನ್ನು ಏರಿಸದೆಯೇ ಅರ್ಥವನ್ನು ಏರಿಸುವುದು, ಒಂದು ಹಾಡನ್ನು ಒಂದು ಪಾತ್ರದ ಬಾಯಿಂದ ಬಂದ ಕತೆಯಾಗಿ ಹೇಳುವುದು, ಬೇರೆಯವರ ದನಿಯನ್ನು ಅಣಕಿಸಿ ತೋರಿಸುವುದು, ಇವೆಲ್ಲ ಆಕೆಯ ವಿದ್ಯೆಗಳು. ವಿದ್ಯೆ ಅನ್ನುವ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಹದಿನಾರು ವರ್ಷ ಊರೂರು ತಿರುಗಿ, ರಾತ್ರಿ ರಾತ್ರಿ ಹಾಡಿ ಗಳಿಸಿದ ವಿದ್ಯೆ ಇದು. ಮುಂದೆ ವಿಮರ್ಶೆ ಇದನ್ನು ಬೇರೆ ಹೆಸರಿನಿಂದ ಕರೆಯಿತು ಎನ್ನುವುದೇ ನನ್ನ ತಕರಾರು.

ಊಟದ ಹೊತ್ತಿನ ಹಾಡು

1933ರಲ್ಲಿ ಆಕೆ ಹಾರ್ಲೆಮ್‌ನ ಕಾಟನ್ ಕ್ಲಬ್ಬಿನಲ್ಲಿ ಹಾಡುತ್ತಿದ್ದಳು. ಕಾಟನ್ ಕ್ಲಬ್ಬು ಹೇಗಿತ್ತು ಅಂದರೆ, ಹಾಡುವವರು ಕುಣಿಯುವವರು ಕರಿಯರು, ಕಾಸು ಕೊಟ್ಟು ಕೂತು ನೋಡುವವರು ಬಿಳಿಯರು. ಕರಿಯರ ಪೇಟೆಯ ನಡುವೆಯೇ ಇದ್ದ ಆ ಕ್ಲಬ್ಬಿಗೆ ಸಾಮಾನ್ಯ ಕರಿಯ ಗಿರಾಕಿಗೆ ಪ್ರವೇಶವಿರಲಿಲ್ಲ. ದೇವಸ್ಥಾನದ ಮುಂದೆ ತಮಟೆ ಬಡಿಯುವವನು ಬೇಕು, ಗರ್ಭಗುಡಿಯ ಹತ್ತಿರ ಅವನು ಬೇಡ ಅನ್ನುವ ವ್ಯವಸ್ಥೆ ನಮಗೆ ಗೊತ್ತಿಲ್ಲದ್ದೇನಲ್ಲ.

ಅಲ್ಲಿ ಆಕೆಯ ಹಾಡು ಕೇಳಿದ ಸಂಗೀತಗಾರ ಇರ್ವಿಂಗ್ ಬರ್ಲಿನ್ ತನ್ನ ಹೊಸ ಸಂಗೀತ ನಾಟಕ 'ಆ್ಯಸ್ ಥೌಸಂಡ್ಸ್ ಚಿಯರ್'ಗೆ ಆಕೆಯನ್ನು ಕರೆದ. ಮಾತು ಬರೆದವನು ಮಾಸ್ ಹಾರ್ಟ್. ಇದರ ಕಟ್ಟೋಣ ಸರಳವಾದದ್ದು. ದಿನಪತ್ರಿಕೆಯ ಒಂದೊಂದು ತಲೆಬರಹ ರಂಗದ ಮೇಲೆ ಕಾಣಿಸುತ್ತದೆ. ಅದರ ಕೆಳಗೆ ಒಂದು ಹಾಡೋ ಹಾಸ್ಯದ ತುಣುಕೋ ನಡೆಯುತ್ತದೆ. ಹವಾಮಾನದ ಸುದ್ದಿ, ಶ್ರೀಮಂತರ ವಿಚ್ಛೇದನದ ಸುದ್ದಿ, ರಾಜಕಾರಣಿಗಳ ಸುದ್ದಿ, ಹೀಗೆ. ಪ್ರೇಕ್ಷಕರು ನಗುತ್ತಾ ಇರುವಾಗ ಒಂದು ತಲೆಬರಹ ಬರುತ್ತದೆ: ಯಾರೋ ಅಪರಿಚಿತ ಕರಿಯನನ್ನು ರೊಚ್ಚಿಗೆದ್ದ ಗುಂಪು ಕೊಂದಿತು ಅಂತ. ಅದರ ಕೆಳಗೆ ಎತೆಲ್ ಒಬ್ಬಳೇ ನಿಲ್ಲುತ್ತಾಳೆ. ರಾತ್ರಿ ಊಟಕ್ಕೆ ಮಕ್ಕಳನ್ನು ಕೂರಿಸಬೇಕು, ಆದರೆ ಅವರ ಅಪ್ಪ ಇನ್ನು ಬರುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಗೆ ಹೇಳುವುದು? ಹಾಡಿನ ಹೆಸರು 'ಸಪ್ಪರ್ ಟೈಮ್'. ಪತ್ರಿಕೆಗೆ ಅಪರಿಚಿತನಾದವನು ಈ ಹೆಂಗಸಿಗೆ ಗಂಡ. ಒಂದು ತಲೆಬರಹಕ್ಕೂ ಒಂದು ಮನೆಗೂ ಇರುವ ಅಂತರವನ್ನು ಆ ಹಾಡು ಅಳೆಯುತ್ತದೆ.

ದಕ್ಷಿಣದ ಊರುಗಳಲ್ಲಿ ತಿರುಗುವಾಗ ಹೀಗೆ ಕೊಲೆಯಾದ ಹುಡುಗನೊಬ್ಬನ ಮನೆಯವರನ್ನು ಆಕೆ ಹತ್ತಿರದಿಂದ ಕಂಡಿದ್ದಳು. ಆ ನೆನಪನ್ನು ಇಟ್ಟುಕೊಂಡೇ ಹಾಡಿದ್ದಾಗಿ ಆತ್ಮಕತೆಯಲ್ಲಿ ಬರೆದಿದ್ದಾಳೆ. ನಗಲಿಕ್ಕೆ ಬಂದ ಜನಕ್ಕೆ ಈ ಹಾಡು ಭಾರವಾಗುತ್ತದೆ, ತೆಗೆದುಬಿಡಿ ಎಂಬ ಒತ್ತಾಯ ಬಂದರೂ ಬರ್ಲಿನ್ ಒಪ್ಪಲಿಲ್ಲ. ಬಿಲ್ಲಿ ಹಾಲಿಡೇ ಅದೇ ವಸ್ತುವಿನ ಪ್ರಸಿದ್ಧ ಹಾಡನ್ನು ಹಾಡಿದ್ದು 1939ರಲ್ಲಿ, ಅಂದರೆ ಇದಕ್ಕಿಂತ ಆರು ವರ್ಷ ಆಮೇಲೆ. ಈ ಬಗೆಯ ಗುಂಪುಹತ್ಯೆಯನ್ನು ಅಮೆರಿಕ ದೇಶದ ಕೇಂದ್ರ ಕಾನೂನಿನಲ್ಲಿ ದ್ವೇಷಾಪರಾಧ ಅಂತ ಬರೆದದ್ದಾದರೋ 2022ರಲ್ಲಿ. ಹಾಡಿಗೂ ಕಾನೂನಿಗೂ ನಡುವೆ 89 ವರ್ಷ.

ಅದೇ ನಾಟಕದಲ್ಲಿ, ಅದೇ ರಾತ್ರಿ, ಆಕೆ ಬಿಸಿಲಗಾಳಿಯ ಸುದ್ದಿಯನ್ನು ಮೋಜಿನ ಹಾಡಾಗಿ ಹಾಡುತ್ತಾಳೆ. ಪ್ಯಾರಿಸ್ಸಿನಲ್ಲಿ ಮೆರೆಯುತ್ತಿದ್ದ ಜೋಸೆಫಿನ್ ಬೇಕರ್‌ಳನ್ನು ಅಣಕಿಸಿ ಹಾಡುತ್ತಾಳೆ. ಮೋಜು, ಅಣಕ, ಸೂತಕ ಮೂರನ್ನೂ ಎರಡೂವರೆ ಗಂಟೆಯೊಳಗೆ ಒಂದೇ ಮೈಯಲ್ಲಿ ತೋರಿಸಬೇಕಾದರೆ ಎಷ್ಟು ಹತೋಟಿ ಬೇಕು ಎಂಬುದನ್ನು ರಂಗದ ಮೇಲೆ ನಿಂತವರು ಹೇಳಬೇಕು. ನಾಟಕ 400 ಪ್ರದರ್ಶನ ಕಂಡಿತು. ಬಿಳಿಯ ತಾರೆಯರ ಸರಿಸಮಾನಕ್ಕೆ ಹೆಸರು ಹಾಕಿಸಿಕೊಂಡ ಮೊದಲ ಕಪ್ಪು ನಟಿ ಅಂತ ಚರಿತ್ರೆ ದಾಖಲಿಸಿತು.

ಆದರೆ ಇದಕ್ಕೊಂದು ಹಿಂಭಾಗವಿದೆ. ಫಿಲಡೆಲ್ಫಿಯಾದಲ್ಲಿ ಮೊದಲ ಪ್ರಯೋಗ ನಡೆದಾಗ ಉಳಿದ ಮೂವರು ಬಿಳಿಯ ತಾರೆಯರು ನಾಟಕದ ಕೊನೆಯಲ್ಲಿ ಆಕೆಯ ಜೊತೆ ನಿಂತು ಪ್ರೇಕ್ಷಕರಿಗೆ ನಮಸ್ಕರಿಸಲು ಒಪ್ಪಲಿಲ್ಲವಂತೆ. ಹಾಗಾದರೆ ಯಾರೂ ನಮಸ್ಕರಿಸುವುದು ಬೇಡ ಅಂತ ಬರ್ಲಿನ್ ಹೇಳಿದ ಮೇಲೆ ದಾರಿಗೆ ಬಂದರಂತೆ. ಬರ್ಲಿನ್ನನ ಜೀವನ ಚರಿತ್ರೆ ಬರೆದವರು ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ. ಜೊತೆಗೆ ಹಾಡಬಹುದು, ಜೊತೆಗೆ ದುಡಿಯಬಹುದು, ಆದರೆ ಚಪ್ಪಾಳೆಯನ್ನು ಒಂದೇ ಎಲೆಯಲ್ಲಿ ಉಣ್ಣಲಾಗದು. ಸಹಪಂಕ್ತಿ ಅನ್ನೋದು ಊಟಕ್ಕೆ ಮಾತ್ರ ಸಂಬಂಧಪಟ್ಟ ಪ್ರಶ್ನೆ ಅಂತ ತಿಳಿದವರು ಈ ಸಂಗತಿಯನ್ನು ಯೋಚಿಸಬೇಕು.

ಹೇಗರ್ ಮತ್ತು ಜಾಹೀರಾತು

ಈಗ ಮುಖ್ಯ ಪ್ರಸಂಗಕ್ಕೆ ಬರುತ್ತೇನೆ. 1939ರ ಜನವರಿ 3ರಂದು ಎಂಪೈರ್ ಥಿಯೇಟರಿನಲ್ಲಿ 'ಮಾಂಬಾಸ್ ಡಾಟರ್ಸ್' ಎಂಬ ನಾಟಕ ಶುರುವಾಯಿತು. ಬರೆದವರು ಡುಬೋಸ್ ಮತ್ತು ಡೊರೊತಿ ಹೇವರ್ಡ್ ಎಂಬ ಬಿಳಿಯ ದಂಪತಿ. ಅಜ್ಜಿ ಮಾಂಬಾ, ಮಗಳು ಹೇಗರ್, ಮೊಮ್ಮಗಳು ಲಿಸ್ಸಾ, ಹೀಗೆ ಮೂರು ತಲೆಮಾರಿನ ಕಪ್ಪು ಹೆಂಗಸರ ಕತೆ. ಹೇಗರ್ ಮೈಮುರಿದು ದುಡಿಯುವವಳು, ಮಾತು ಕಡಿಮೆ. ಮಗಳ ಬದುಕನ್ನು ಹಾಳುಗೆಡವಲು ಬಂದ ಗಂಡಸನ್ನು ಕೊಂದು ತಾನೂ ಸಾಯುತ್ತಾಳೆ. ಈ ಹೇಗರ್ ಪಾತ್ರ ಎತೆಲ್‌ಳದು. ಅದುವರೆಗೆ ಹಾಡಿನಿಂದಲೇ ಹೆಸರಾದವಳು ಗಂಭೀರ ನಾಟಕದ ಮುಖ್ಯ ಪಾತ್ರಕ್ಕೆ ಬರಲಿಕ್ಕೆ 42 ವರ್ಷ ವಯಸ್ಸಾಗಬೇಕಾಯಿತು. ಹೇಗರ್‌ಳಲ್ಲಿ ತನ್ನ ತಾಯಿಯನ್ನೇ ಕಂಡೆ ಎಂಬುದನ್ನು ಆತ್ಮಕತೆಯಲ್ಲಿ ಹೇಳುತ್ತಾಳೆ. ಮೊದಲ ರಾತ್ರಿ ಪರದೆ 17 ಸಲ ಏಳಬೇಕಾಯಿತು, ಪ್ರೇಕ್ಷಕರು ಬಿಡಲಿಲ್ಲ ಅಂತಲೂ ಹೇಳುತ್ತಾಳೆ.

ಮಾರನೆ ದಿನ ಹಲವು ಪತ್ರಿಕೆಗಳು ಆಕೆಯನ್ನು ಹೊಗಳಿದವು. ಆದರೆ ಎಲ್ಲಕ್ಕಿಂತ ಪ್ರಭಾವಶಾಲಿಯಾದ 'ನ್ಯೂಯಾರ್ಕ್ ಟೈಮ್ಸ್'ನ ವಿಮರ್ಶಕ ಬ್ರೂಕ್ಸ್ ಆಟ್ಕಿನ್ಸನ್ ಒಪ್ಪಲಿಲ್ಲ. ಆಕೆ ಪಾತ್ರದ ಆಳಕ್ಕೆ ಇಳಿದಿಲ್ಲ ಎಂಬರ್ಥದ ಮಾತು ಬರೆದ. ಎರಡು ಮೂರು ದಿನದಲ್ಲಿ ಅದೇ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಕಾರ್ಲ್ ವಾನ್ ವೆಕ್ಟನ್, ತಲ್ಲೂಲಾ ಬ್ಯಾಂಕ್‌ಹೆಡ್, ಜುಡಿತ್ ಆಂಡರ್ಸನ್, ಡೊರೊತಿ ಗಿಶ್, ಬರ್ಜೆಸ್ ಮೆರೆಡಿತ್, ಆಸ್ಕರ್ ಹ್ಯಾಮರ್‌ಸ್ಟೈನ್ ಮೊದಲಾದ ದೊಡ್ಡ ದೊಡ್ಡವರು ತಮ್ಮ ಹೆಸರು ಹಾಕಿ, ಕೈಯಿಂದ ಕಾಸು ಕೊಟ್ಟು, ಎತೆಲ್‌ಳ ಅಭಿನಯ ನೋಡುವುದು ಒಂದು ಆಳವಾದ ಅನುಭವ ಎಂದು ಸಾರಿದರು. ಆಟ್ಕಿನ್ಸನ್ ಮತ್ತೆ ಹೋಗಿ ನಾಟಕ ನೋಡಿ ತನ್ನ ಅಭಿಪ್ರಾಯ ತಿದ್ದಿಕೊಂಡ.

ಅಮೆರಿಕದ ರಂಗಚರಿತ್ರೆಗಳಲ್ಲಿ ಇದು ಸಂತೋಷದ ಕತೆ. ನನಗೂ ಒಂದು ಮಟ್ಟಿಗೆ ಸಂತೋಷವೇ. ಹೋದ ವಿಮರ್ಶಕ ವಾಪಸು ಬಂದು ನೋಡಿದ ಅನ್ನೋದು ಸಣ್ಣ ಮಾತಲ್ಲ. ಎರಡನೇ ಸಲ ನೋಡುವ ದೊಡ್ಡತನ ನಮ್ಮಲ್ಲಿ ಎಷ್ಟು ಜನ ವಿಮರ್ಶಕರಿಗಿದೆ? ಜಾಹೀರಾತಿಗೆ ಸಹಿ ಹಾಕಿದವರ ಪ್ರೀತಿಯೂ ಸುಳ್ಳಲ್ಲ. ಆದರೂ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೊದಲ ರಾತ್ರಿ 17 ಸಲ ಪರದೆ ಏಳಿಸಿದ ಜನರ ತೀರ್ಪು ಯಾಕೆ ಸಾಲಲಿಲ್ಲ? ಕರಿಯರದೇ ಪತ್ರಿಕೆಗಳು ಆಗ ಇದ್ದವು, ಅವುಗಳಲ್ಲಿ ಬರೆಯುವವರಿದ್ದರು. ಅವರು ಎಷ್ಟೇ ಬರೆದರೂ ಬ್ರಾಡ್‌ವೇಯ ಟಿಕೇಟು ಕೌಂಟರಿನ ಮೇಲೆ ಅದರ ಪ್ರಭಾವ ಇರಲಿಲ್ಲ. ಒಬ್ಬ ಬಿಳಿಯ ವಿಮರ್ಶಕ ಇಲ್ಲ ಅಂದ. ಅದನ್ನು ಹೌದು ಮಾಡಲಿಕ್ಕೆ ಬಿಳಿಯ ರಂಗಭೂಮಿಯ ಗಣ್ಯರೇ ಬರಬೇಕಾಯಿತು. ಅಂದರೆ ವ್ಯಾಜ್ಯ ಎತೆಲ್‌ಳ ಬಗ್ಗೆ ನಡೆಯಿತು, ಪಂಚಾಯ್ತಿ ಮಾತ್ರ ಊರಿನವರೊಳಗೇ ನಡೆಯಿತು. ನಾವು ಕಟ್ಟೆಯ ಕೆಳಗೆ ನಿಂತು, ನಮ್ಮ ಬಗ್ಗೆ ಕಟ್ಟೆಯ ಮೇಲೆ ಕೂತವರು ಮಾತಾಡುವುದನ್ನು ಕೇಳಿಸಿಕೊಂಡ ಹಾಗೆ.

'ಸಹಜ' ಎಂಬ ಪದ

ಆ ಕಾಲದ ಬಿಳಿಯ ವಿಮರ್ಶೆ ಕಪ್ಪು ಕಲಾವಿದರನ್ನು ಹೊಗಳುವಾಗ ಬಳಸುತ್ತಿದ್ದ ಕೆಲವು ಪದಗಳಿವೆ. ಸಹಜ, ಹುಟ್ಟುಗುಣ, ಮುಗ್ಧ, ಆದಿಮ, ಒಳಗಿಂದ ಉಕ್ಕಿ ಬಂದದ್ದು. ಕೇಳಲಿಕ್ಕೆ ಚೆನ್ನಾಗಿಯೇ ಇವೆ. ಆದರೆ ಇವುಗಳ ಒಳಗಿನ ತರ್ಕವನ್ನು ನೋಡಿ. ಬಿಳಿಯ ನಟಿ ಅಳುವ ಪಾತ್ರ ಮಾಡಿದರೆ ಅದು ಅಭಿನಯ. ಕಪ್ಪು ನಟಿ ಅತ್ತರೆ ಅದು ಅವಳ ಸ್ವಭಾವ. ಒಬ್ಬಳು ಮಾಡಿದ್ದು, ಇನ್ನೊಬ್ಬಳು ಇರುವುದೇ ಹಾಗೆ. ಒಬ್ಬಳಿಗೆ ಕಲೆ ಇದೆ, ಇನ್ನೊಬ್ಬಳಿಗೆ ಬರೀ ಅನುಭವ. ಇದರಿಂದ ಎರಡು ಪರಿಣಾಮ ಆಗುತ್ತವೆ. ಮೊದಲನೆಯದು, ಆಕೆಯ ಹದಿನಾರು ವರ್ಷದ ದುಡಿಮೆ ಲೆಕ್ಕದಿಂದ ಹೋಗುತ್ತದೆ. ಮಳೆ ಬಂತು, ಪೈರು ಬಂತು ಅಂದ ಹಾಗೆ. ನಡುವೆ ಉತ್ತವರು ಬಿತ್ತಿದವರು ಕಾಣೆಯಾಗುತ್ತಾರೆ. ಎರಡನೆಯದು, ಯಾವುದು ಆಕೆಗೆ ಸಹಜ ಎಂದು ತೀರ್ಮಾನವಾಯಿತೋ ಅದೇ ಪಾತ್ರ ಮತ್ತೆ ಮತ್ತೆ ಆಕೆಯ ಪಾಲಿಗೆ ಬರುತ್ತದೆ.

ಎರಡನೆಯ ಪರಿಣಾಮಕ್ಕೆ ಆಕೆಯ ಬದುಕೇ ಸಾಕ್ಷಿ. 1950ರ ಜನವರಿಯಲ್ಲಿ ಅದೇ ಎಂಪೈರ್ ಥಿಯೇಟರಿನಲ್ಲಿ ಕಾರ್ಸನ್ ಮೆಕಲರ್ಸ್‌ಳ 'ದಿ ಮೆಂಬರ್ ಆಫ್ ದಿ ವೆಡ್ಡಿಂಗ್' ನಾಟಕದಲ್ಲಿ ಆಕೆ ಬೆರೆನೀಸ್ ಎಂಬ ಅಡಿಗೆಯವಳ ಪಾತ್ರ ಮಾಡಿದಳು. ಬಿಳಿಯ ಮನೆಯ ತಾಯಿಲ್ಲದ ಹುಡುಗಿಯನ್ನು ಸಂತೈಸುವ ಪಾತ್ರ. ನಾಟಕ 501 ಪ್ರದರ್ಶನ ಕಂಡಿತು, ವಿಮರ್ಶಕರ ಸಂಘದ ಆ ವರ್ಷದ ಪ್ರಶಸ್ತಿ ನಾಟಕಕ್ಕೆ ಬಂತು, ಆಕೆಗೆ ಬಂದ ಹೊಗಳಿಕೆಗೆ ಲೆಕ್ಕವಿಲ್ಲ. ಅದೇ 1950ರಲ್ಲಿ ಟೆಲಿವಿಷನ್ನಿನಲ್ಲಿ 'ಬ್ಯೂಲಾ' ಎಂಬ ಕೆಲಸದವಳ ಪಾತ್ರವೂ ಸಿಕ್ಕಿತು. ಇದಕ್ಕೆ ಹತ್ತು ವರ್ಷ ಮೊದಲು, 1940ರಲ್ಲಿ, ಹ್ಯಾಟೀ ಮೆಕ್‌ಡೇನಿಯಲ್ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆಯಾದಳು. ಅದೂ 'ಗಾನ್ ವಿತ್ ದಿ ವಿಂಡ್'ನಲ್ಲಿ ಮಾಡಿದ ದಾಸಿಯ ಪಾತ್ರಕ್ಕೆ. ಪ್ರಶಸ್ತಿ ಸಮಾರಂಭದಲ್ಲಿ ಆಕೆಯನ್ನು ಚಿತ್ರದ ಉಳಿದ ತಾರೆಯರಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಿದ್ದರು. ಪ್ರೀತಿಯಿಂದ ಬಡಿಸುವ ಕೈಯನ್ನು ಎಷ್ಟು ಬೇಕಾದರೂ ಹೊಗಳಬಹುದು, ಯಾಕೆಂದರೆ ಆ ಕೈ ಬಡಿಸುವ ಕಡೆಯೇ ಇರುತ್ತದೆ.

ಹಾಗಂತ ಎತೆಲ್ ಸುಮ್ಮನೆ ಒಪ್ಪಿಕೊಂಡವಳಲ್ಲ. 'ಮೆಂಬರ್ ಆಫ್ ದಿ ವೆಡ್ಡಿಂಗ್'ನಲ್ಲಿ ಬೆರೆನೀಸ್‌ಗೆ ಒಂದು ರಷ್ಯನ್ ಜೋಗುಳ ಕೊಟ್ಟಿದ್ದರು. ಅದು ಬೇಡ ಅಂತ ಹಠ ಹಿಡಿದು ತನ್ನ ಅಜ್ಜಿಯ ಕಾಲದಿಂದ ಬಲ್ಲ ಭಕ್ತಿಗೀತೆಯನ್ನು ಆಕೆ ಹಾಡಿದಳು. ಮುಂದೆ ತನ್ನ ಆತ್ಮಕತೆಗೂ ಅದೇ ಹೆಸರಿಟ್ಟಳು. ಅಡಿಗೆಮನೆಯಲ್ಲಿ ಬೇರೆಯವರ ಮಕ್ಕಳನ್ನು ಸಂತೈಸುವ ಹೆಂಗಸಿಗೂ ತನ್ನದೇ ಒಂದು ದೇವರು, ತನ್ನದೇ ಒಂದು ದುಃಖ ಇದೆ ಎಂಬುದನ್ನು ಅಲ್ಲಿ ತಂದವಳು ಲೇಖಕಿಯಲ್ಲ, ನಟಿ. ಹೀಗೆ ಪಾತ್ರದೊಳಗೇ ನಿಂತು ಪಾತ್ರವನ್ನು ತಿದ್ದುವುದಕ್ಕೆ 'ಸಹಜ' ಅನ್ನುವ ಪದ ಸಾಲದು. ಇದು ಬುದ್ಧಿಯ ಕೆಲಸ, ಆಯ್ಕೆಯ ಕೆಲಸ.

ಕರಿಯರೇ ಬರೆದ ವಿಮರ್ಶೆ

ಈ ಹೊಗಳಿಕೆಯ ಬಲೆಯನ್ನು ಕಪ್ಪು ವಿಮರ್ಶಕರು ಆಗಲೇ ಗುರುತಿಸಿದ್ದರು. ಜೇಮ್ಸ್ ವೆಲ್ಡನ್ ಜಾನ್ಸನ್ 1922ರಲ್ಲಿ, ಕರಿಯರ ಆಡುನುಡಿಯ ಕಾವ್ಯವೆಂದು ಚಲಾವಣೆಯಲ್ಲಿದ್ದ ಬರಹದಿಂದ ಎರಡೇ ಸ್ವರ ಹೊರಡುತ್ತದೆ, ಒಂದು ನಗೆ, ಇನ್ನೊಂದು ಕರುಣೆ, ಎಂಬರ್ಥದಲ್ಲಿ ಹೇಳಿದ. ಸ್ಟರ್ಲಿಂಗ್ ಬ್ರೌನ್ 1933ರಲ್ಲಿ ಬಿಳಿಯ ಲೇಖಕರು ಕರಿಯರನ್ನು ಚಿತ್ರಿಸುವ ಏಳು ಅಚ್ಚುಗಳನ್ನು ಪಟ್ಟಿಮಾಡಿದ. ಸಂತೃಪ್ತ ಗುಲಾಮ ಅದರಲ್ಲೊಂದು, ನಗೆಗಾರ ಇನ್ನೊಂದು. ಇದಕ್ಕೂ ಮೊದಲು, 1926ರಲ್ಲಿ, ಡುಬಾಯ್ಸ್ ಕರಿಯರ ರಂಗಭೂಮಿಗೆ ನಾಲ್ಕು ಷರತ್ತು ಹಾಕಿದ್ದ. ನಾಟಕ ನಮ್ಮ ಬಗ್ಗೆ ಇರಬೇಕು, ನಮ್ಮವರು ಬರೆದಿರಬೇಕು, ನಮ್ಮ ಜನರಿಗಾಗಿ ಇರಬೇಕು, ನಮ್ಮ ವಸತಿಯ ಹತ್ತಿರವೇ ನಡೆಯಬೇಕು. ಈ ಅಳತೆಗೋಲಿನಿಂದ ನೋಡಿದರೆ 'ಮಾಂಬಾಸ್ ಡಾಟರ್ಸ್' ಒಂದೇ ಷರತ್ತನ್ನು ಪೂರೈಸುತ್ತದೆ. ಬಗ್ಗೆ ಇದೆ, ಉಳಿದ ಮೂರೂ ಇಲ್ಲ.

ಹೊಗಳುವ ಬೇರೆ ರೀತಿಯೂ ಇತ್ತು. ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್ 1942ರ ತನ್ನ ಆತ್ಮಕತೆಯಲ್ಲಿ ಎತೆಲ್ ಬಗ್ಗೆ ಬರೆದಿದ್ದಾಳೆ. ಅಲ್ಲಿರುವುದು ಸ್ನೇಹದ ಬರವಣಿಗೆ. ವೇದಿಕೆಯ ಹೆಂಗಸಿನ ಹಿಂದೆ ಇರುವ ಮನುಷ್ಯಳನ್ನು, ಆಕೆಯ ಸಂಕೋಚವನ್ನು, ಅನುಮಾನವನ್ನು, ಉದಾರತೆಯನ್ನು ಒಟ್ಟಿಗೆ ನೋಡುವ ಬರವಣಿಗೆ. ಗೆಳತಿ ಮಾತ್ರ ಹೀಗೆ ಬರೆಯಲು ಸಾಧ್ಯ ಅಂತ ನಾನು ವಾದಿಸುವುದಿಲ್ಲ. ಆದರೆ ಎದುರಿಗಿರುವವಳು ತನ್ನಷ್ಟೇ ಗೋಜಲಾದ ಒಂದು ಜೀವ ಎಂದು ಒಪ್ಪಿಕೊಂಡವರು ಮಾತ್ರ ಹೀಗೆ ಬರೆಯಬಲ್ಲರು.

ನಮ್ಮ ಕಡೆಗೆ

ಇನ್ನು ನಮ್ಮ ಕಡೆಗೆ ಬರೋಣ. ಪಕ್ಕದ ಮಹಾರಾಷ್ಟ್ರದಲ್ಲಿ ಹೆಣ್ಣುವೇಷದ ಬಾಲಗಂಧರ್ವರು ಸಂಗೀತ ನಾಟಕದ ಶಿಖರವೆನಿಸಿದರು. 1964ರಲ್ಲಿ ಪದ್ಮಭೂಷಣ ಬಂತು. ಅವರ ಗಾಯನ ದೊಡ್ಡದು, ತಕರಾರಿಲ್ಲ. ಅದೇ ನೆಲದಲ್ಲಿ ತಮಾಷಾ ಆಡಿದ ಮಾಂಗ, ಮಹಾರ, ಕೋಲ್ಹಾಟಿ ಹೆಂಗಸರ ಹಾಡು ಕುಣಿತಕ್ಕೆ ಸಿಕ್ಕ ಹೆಸರು ಅಶ್ಲೀಲ. ಗಂಡಸು ಹೆಣ್ಣಾಗಿ ಬಳುಕಿದರೆ ಕಲೆ, ದಲಿತ ಹೆಂಗಸು ಹೆಂಗಸಾಗಿಯೇ ಕುಣಿದರೆ ಚಾಳಿ. ಮಾಂಗ ಜಾತಿಯ ವಿಠಾಬಾಯಿ ನಾರಾಯಣಗಾಂವಕರ್ ತಮಾಷಾದ ಸಾಮ್ರಾಜ್ಞಿ ಅನ್ನಿಸಿಕೊಂಡರು, ರಾಷ್ಟ್ರಪತಿಗಳ ಕೈಯಿಂದ ಪ್ರಶಸ್ತಿ ಪಡೆದರು, 2002ರಲ್ಲಿ ಕಷ್ಟದಲ್ಲೇ ತೀರಿಕೊಂಡರು. ಸಾಮ್ರಾಜ್ಞಿ ಎಂಬ ಬಿರುದು ಆಸ್ಪತ್ರೆಯ ಬಿಲ್ಲು ಕಟ್ಟುವುದಿಲ್ಲ. ತಮಾಷಾದ ಹೆಂಗಸರನ್ನು ಅಶ್ಲೀಲ ಅನ್ನುವುದು, ಆಮೇಲೆ ಅದೇ ಕಲೆಯನ್ನು ಅಸಲಿ ಮರಾಠಿ ಸಂಸ್ಕೃತಿ ಎಂದು ಎತ್ತಿ ಮೆರೆಸುವುದು, ಇವೆರಡೂ ಒಂದೇ ಜಾತಿವ್ಯವಸ್ಥೆಯ ಕೆಲಸ ಎಂಬುದನ್ನು ಶೈಲಜಾ ಪಾಯಿಕ್ 2022ರ ತಮ್ಮ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. ಓದಬೇಕಾದ ಪುಸ್ತಕ.

ಕನ್ನಡದ ಮಾತು ಇದಕ್ಕಿಂತ ಭಿನ್ನವೇನಲ್ಲ. ದಲಿತರ ಬರಹ, ಹಾಡು, ಅಭಿನಯ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಕಾಣುವ ಪದಗಳನ್ನು ಪಟ್ಟಿಮಾಡಿ ನೋಡಿ: ಹಸಿ ಅನುಭವ, ನೆಲದ ಕಸುವು, ಮಣ್ಣಿನ ವಾಸನೆ, ಮುಗ್ಧತೆ. ಇವು ಬೈಗುಳಗಳಲ್ಲ, ಪ್ರೀತಿಯಿಂದಲೇ ಬರೆದವು. ಆದರೆ ಕಟ್ಟೋಣ, ತಂತ್ರ, ಚಿಂತನೆ, ವ್ಯಂಗ್ಯ ಎಂಬ ಪದಗಳು ಅದೇ ಪುಟದಲ್ಲಿ ಬೇರೆಯವರಿಗೆ ಮೀಸಲಾಗಿರುತ್ತವೆ. ಬೇಯಿಸಿದ್ದು ಅವರದು, ಹಸಿ ನಮ್ಮದು.

ನಮ್ಮೂರ ಕೇರಿಯಲ್ಲಿ ಹಬ್ಬಕ್ಕೆ ನಾಟಕ ಆಡುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ಎರಡು ತಿಂಗಳು ರಾತ್ರಿ ಹೊತ್ತು ಕಂದ ಹೇಳಿಸಿ, ತಪ್ಪಿದರೆ ಬೆರಳ ಗಿಣ್ಣಿಗೆ ಕೋಲಿನಿಂದ ಹೊಡೆದು ಕಲಿಸುತ್ತಿದ್ದರು. ದುರ್ಯೋಧನನ ಪಾರ್ಟು ಮಾಡುತ್ತಿದ್ದವರು ಹಗಲೆಲ್ಲ ಗೇದು ಬಂದು, ಓದಲು ಬಾರದೆ, ಮಗನಿಂದ ಓದಿಸಿ ಕೇಳಿ ಕೇಳಿ ಮಾತು ಬಾಯಿಪಾಠ ಮಾಡಿಕೊಂಡವರು. ನಾಟಕದ ಬೆಳಿಗ್ಗೆ ಊರ ದೊಡ್ಡವರೊಬ್ಬರು ಹೊಗಳಿದರು: "ಏನ್ಲಾ, ನಿಮ್ಮವ್ಕೆ ಇದು ಹುಟ್ಟುತ್ಲೇ ಬಂದ್ಬುಟ್ಟದೆ, ಕಲೀಬೇಕಾ?" ಎಲ್ಲರೂ ನಕ್ಕರು, ದುರ್ಯೋಧನರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ಎಲ್ಡ್ ತಿಂಗ್ಳು ನಾನೇನ್ ಸ್ವಾಮಿ ಮಾಡ್ತಿದ್ದೆ ಅಂಗಾದ್ರೆ?" ಅಂದರು. ಬ್ರೂಕ್ಸ್ ಆಟ್ಕಿನ್ಸನ್ನನಿಗೆ, ಕನ್ನಡದ ಪತ್ರಿಕಾ ವಿಮರ್ಶಕರಿಗೆ, ಎಲ್ಲರಿಗೂ ಕೇಳಬೇಕಾದ ಪ್ರಶ್ನೆ ಅದೇ.

ಏನು ಮಾಡಬೇಕು

ಹಾಗಾದರೆ ಹೊಗಳಿಕೆಯನ್ನು ತಿರಸ್ಕರಿಸಬೇಕೆ? ಅದು ಸಲ್ಲದು. ಕಲಾವಿದೆಗೆ ಹೊಗಳಿಕೆ ಎಂದರೆ ಕೂಲಿಯೂ ಹೌದು. ಮುಂದಿನ ಪಾತ್ರ, ಮುಂದಿನ ಊಟ ಅದರಿಂದಲೇ ಬರಬೇಕು. ಆ ಜಾಹೀರಾತು ಬಾರದಿದ್ದರೆ ಹೇಗರ್‌ಳನ್ನು ಇನ್ನೂ ಕಡಿಮೆ ಜನ ನೋಡುತ್ತಿದ್ದರೇನೋ. ಹೊಗಳಿಕೆಯನ್ನು ಪಡೆಯೋಣ, ಪಡೆದು ಪರೀಕ್ಷಿಸೋಣ. ನನ್ನ ದೃಷ್ಟಿಯಲ್ಲಿ ಯಾವ ಹೊಗಳಿಕೆಗೂ ನಾಲ್ಕು ಪ್ರಶ್ನೆ ಹಾಕಬೇಕು. ಇದು ದುಡಿಮೆಯನ್ನು ಹೆಸರಿಸುತ್ತದೋ, ಬರೀ ಹುಟ್ಟನ್ನು ಹೆಸರಿಸುತ್ತದೋ? ಇದು ಕಲಾವಿದೆಗೆ ಇನ್ನೊಂದು ಬಗೆಯ ಪಾತ್ರದ ಬಾಗಿಲು ತೆರೆಯುತ್ತದೋ, ಇರುವ ಬಾಗಿಲಿಗೆ ಅಗುಳಿ ಹಾಕುತ್ತದೋ? ಇದನ್ನು ಹೇಳುವ ಅಧಿಕಾರ ಯಾರ ಕೈಯಲ್ಲಿದೆ, ನಮ್ಮವರ ಮಾತು ಅಲ್ಲಿ ಸಾಕ್ಷಿಯೋ ತೀರ್ಪೋ? ಕೊನೆಯದು, ಹೊಗಳಿದ ಮೇಲೆ ಜೊತೆಗೆ ನಿಂತು ನಮಸ್ಕಾರ ಮಾಡುತ್ತಾರೋ ಇಲ್ಲವೋ?

ಚರಿತ್ರೆ ಬದಲಾಗುವುದೇ ಇಲ್ಲ ಅಂತ ಅಲ್ಲ. ಎತೆಲ್ 1977ರಲ್ಲಿ ತೀರಿಕೊಂಡಳು. ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಶುರುವಾದದ್ದು 1947ರಲ್ಲಿ. ಸಂಗೀತ ನಾಟಕದ ಮುಖ್ಯ ನಟಿಯ ಪ್ರಶಸ್ತಿ ಕಪ್ಪು ಹೆಂಗಸಿಗೆ ಬಂದದ್ದು 1962ರಲ್ಲಿ, ಡಯಾನ್ ಕ್ಯಾರಲ್‌ಗೆ. ಗದ್ಯನಾಟಕದ ಮುಖ್ಯ ನಟಿಯ ಪ್ರಶಸ್ತಿ ಬಂದದ್ದು 2004ರಲ್ಲಿ, ಫಿಲಿಷಿಯಾ ರಶಾದ್‌ಗೆ. ಹಾಡಿದರೆ 15 ವರ್ಷ, ಮಾತಾಡಿದರೆ 57 ವರ್ಷ! ಕಪ್ಪು ಹೆಂಗಸು ಹಾಡುವುದನ್ನು ಒಪ್ಪಿದಷ್ಟು ಬೇಗ ಆಕೆ ಯೋಚಿಸುವುದನ್ನು, ವಾದಿಸುವುದನ್ನು ಒಪ್ಪಲು ಆ ಸಮಾಜಕ್ಕೆ ಆಗಲಿಲ್ಲ ಎಂದು ನಾನು ಈ ಎರಡು ಅಂಕಿಗಳನ್ನು ಓದಿಕೊಳ್ಳುತ್ತೇನೆ. ಆಮೇಲೆ ಆಡ್ರಾ ಮೆಕ್‌ಡೊನಾಲ್ಡ್ 1994ರಿಂದ 2014ರ ಒಳಗೆ ಆರು ಟೋನಿ ಪಡೆದು, ಸಂಗೀತ ನಾಟಕ ಮತ್ತು ಗದ್ಯನಾಟಕ, ಮುಖ್ಯ ಪಾತ್ರ ಮತ್ತು ಪೋಷಕ ಪಾತ್ರ, ನಾಲ್ಕೂ ವಿಭಾಗದಲ್ಲಿ ಗೆದ್ದ ಮೊದಲಿಗಳಾದಳು. ಎತೆಲ್ ಒಂದೇ ರಾತ್ರಿಯಲ್ಲಿ ತೋರಿಸಿದ ಹರವನ್ನು ಪುರಸ್ಕಾರದ ಪಟ್ಟಿ ಒಪ್ಪಿಕೊಳ್ಳಲು ಎಂಬತ್ತು ವರ್ಷ ಹಿಡಿಯಿತು.

ಗೆಳೆಯರೆ, ನಮ್ಮ ಕೇರಿಗಳಲ್ಲಿ, ಕಂಪನಿಗಳಲ್ಲಿ, ಬೀದಿನಾಟಕದ ತಂಡಗಳಲ್ಲಿ ಹಾಡಿದ ಕುಣಿದ ಹೆಂಗಸರು ಇದ್ದಾರೆ. ಅವರಲ್ಲಿ ಅನೇಕರ ಬಗ್ಗೆ ಒಂದು ಸಾಲಿನ ವಿಮರ್ಶೆಯೂ ಇಲ್ಲ. ಇದ್ದರೆ ಅದು 'ಸಹಜ ಅಭಿನಯ' ಎನ್ನುವ ಎರಡು ಪದ. ದಲಿತ ವಿಮರ್ಶೆ ಅಂತ ನಾವು ಶುರುಮಾಡುವ ಕೆಲಸ ಇಲ್ಲಿಂದಲೂ ಶುರುವಾಗಬೇಕು. ವಿದ್ಯಾರ್ಥಿ ಗೆಳೆಯರು ಒಬ್ಬೊಬ್ಬ ಕಲಾವಿದೆಯ ಹತ್ತಿರ ಹೋಗಿ ಕೂತು ಕೇಳಲಿ: ಯಾರ ಹತ್ತಿರ ಕಲಿತಿರಿ, ಎಷ್ಟು ದಿನ ಕಲಿತಿರಿ, ಯಾವ ಹಾಡನ್ನು ಎಲ್ಲಿ ತಗ್ಗಿಸಿದಿರಿ, ಯಾಕೆ ತಗ್ಗಿಸಿದಿರಿ, ರಾತ್ರಿಗೆ ಎಷ್ಟು ಕೊಡುತ್ತಿದ್ದರು, ಯಾವ ಪಾತ್ರ ಕೇಳಿದಿರಿ, ಯಾವುದನ್ನು ಕೊಡಲಿಲ್ಲ. ಉತ್ತರಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ, ಹೆಸರು ಹಾಕಿ ಅಚ್ಚು ಮಾಡಿಸಲಿ. ಮೊದಲ ಪ್ರತಿಯನ್ನು ಆಕೆಗೇ ಕೊಟ್ಟು, ಓದಲು ಬಾರದಿದ್ದರೆ ಓದಿ ಹೇಳಿ, ಸರಿಯಾಗಿದೆಯೇನಮ್ಮ ಅಂತ ಕೇಳಲಿ.